ಸ್ವೆಟರಿನ ಕಡೇ ಗುಂಡಿ

ಫಿಲೋಮಿನಾ ಮಿಸ್ ಯಾವ ಕೆಲಸವನ್ನೂ ಪೂರ್ತಿ ಮಾಡುತ್ತಿರಲಿಲ್ಲ. ಬಾಳೆಹಣ್ಣು ಸುಲಿದರೆ ಬುಡದಲ್ಲಿ ಒಂದಿಷ್ಟು ಸಿಪ್ಪೆ ಉಳಿಸುತ್ತಿದ್ದರು. ಟಿಫಿನ್ ಡಬ್ಬಿಯ ಮುಚ್ಚಳ ಸಡಿಲಿಸಿ ಹಾಗೇ ಇಡುತ್ತಿದ್ದರು. ಜಡೆ ಹೆಣೆದು ರಿಬ್ಬನ್ನಿನ ಗಂಟು ಎಳೆಯದೆ ಬಿಡುತ್ತಿದ್ದರು. ಬೆಳಿಗ್ಗೆ ಶಿವಾಜಿನಗರದಿಂದ ನಡೆದುಕೊಂಡು ಹಲಸೂರು ಕೆರೆಯ ಹಿಂದಿನ ಎರಡು ಕೋಣೆಯ ಶಾಲೆಗೆ ಬರುವಾಗ ಅವರ ಕಂದು ಸ್ವೆಟರಿನ ಕಡೇ ಗುಂಡಿ ಯಾವತ್ತೂ ಬಿಚ್ಚಿಕೊಂಡೇ ಇರುತ್ತಿತ್ತು. ತನ್ನ ಸ್ವೆಟರನ್ನೇ ನೆಟ್ಟಗೆ ಹಾಕಿಕೊಳ್ಳದ ಈಯಮ್ಮ ನನ್ನ ಮಗಳಿಗೆ ಇನ್ನೇನು ಕಲಿಸಿಯಾಳು ಎಂದು ಮೊದಲ ದಿನ ಅಂದುಕೊಂಡೆ. ನಾನೋ, ಮುಸುರೆ ಪಾತ್ರೆ ಬಿಟ್ಟು ಮಲಗಿದವಳೇ ಅಲ್ಲ.

ನಂದಿನಿಗೆ ಆಗ ಏಳು ವರ್ಷ. ಬುದ್ಧಿ ಬೆಳೆಯುವುದು ನಿಧಾನ ಎಂದು ಡಾಕ್ಟರು ಹೇಳಿದ್ದರು. ಮನೆ ಹತ್ತಿರದ ಶಾಲೆಗಳವರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿದ್ದರು. ಗದಗಿನಿಂದ ಬಂದ ನಮ್ಮತ್ತೆ, "ಅದಕ್ಕ ಏನೂ ತಿಳಿಯಂಗಿಲ್ಲ, ಪಾಪ" ಎಂದು ಅವಳ ಎದುರಿಗೇ ಹೇಳಿ ತಲೆ ಸವರುತ್ತಿದ್ದರು. ಬೈದು ಹೇಳಿದ್ದರೆ ಜಗಳ ಆಡಬಹುದಿತ್ತು.

ಆ ಮೊದಲ ದಿನ ಮಿಸ್ ನಂದಿನಿಯ ಮುಂದೆ ಮಂಡಿಯೂರಿ ಕೂತು ಅವಳ ಸ್ವೆಟರಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಹಾಕಿದರು. ಕಡೆಯದನ್ನು ಕಾಜಾದಲ್ಲಿ ಅರ್ಧ ತೂರಿಸಿ ಕೈ ಬಿಟ್ಟರು. ಎಳೆದುಕೊಳ್ಳುವುದೊಂದೇ ಬಾಕಿ. ನಂದಿನಿ ಗೋಡೆ ನೋಡುತ್ತಾ ನಿಂತಳು. ನನಗೆ ತಡೆಯಲಾಗದೆ ಬಗ್ಗಿ ಹಾಕಲು ಹೋದೆ. ಮಿಸ್ ನನ್ನ ಕೈಗೆ ಮೆಲ್ಲಗೆ ಒಂದೇಟು ಕೊಟ್ಟರು.

"ಬಿಡಿಮ್ಮ. ಅದು ಅವಳ್ದು."

ಎಷ್ಟು ಹೊತ್ತು ಕಾದೆವೋ. ಆಚೆ ರಸ್ತೆಯಲ್ಲಿ ಸೊಪ್ಪಿನವಳು ಬಂದು ಕೂಗಿ ಹೋದಳು. ಕೊನೆಗೊಮ್ಮೆ ನಂದಿನಿಯ ಬೆರಳು ಗುಂಡಿ ಹಿಡಿದು ಎಳೆಯಿತು. ಮಿಸ್, "ಶಭಾಷ್ ಕಣ್ಣಾ" ಎಂದು ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದರು. ನನ್ನ ಮಗಳಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೆಂಥ ಪಾಠ, ಬಾಲದಿಂದ ಶುರು ಮಾಡುವುದು ಎಂದು ಒಂದು ದಿನ ಕೇಳಿದೆ. ಮಿಸ್ ನಕ್ಕು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು. "ಮೊದಲಿಂದ ಕಲಿಸಿದ್ರೆ ಮಗು ದಿನಾ ಅರ್ಧದಲ್ಲಿ ಸೋಲುತ್ತಮ್ಮ. ಕಡೇಯಿಂದ ಕಲಿಸಿದ್ರೆ ದಿನಾ ಗೆದ್ದು ಮನೆಗೆ ಹೋಗುತ್ತೆ. ಕಡೇದು ಯಾವಾಗ್ಲೂ ಮಕ್ಕಳ್ದು." ಅವರ ಸ್ವೆಟರಿನ ಗುಟ್ಟೂ ಆಗ ತಿಳಿಯಿತು. ಬೆಳಿಗ್ಗೆ ಗೇಟಿನ ಹತ್ತಿರ ಮೊದಲು ಬಂದ ಮಗುವಿಗೆ ಆ ಗುಂಡಿ. ಹಾಕಿದವರಿಗೆ ಊರು ಗೆದ್ದಂಥ ಚಪ್ಪಾಳೆ. ನಂದಿನಿ ಒಮ್ಮೆ ಹಾಕಿ, ಮತ್ತೆ ಬಿಚ್ಚಿ, ಮತ್ತೆ ಹಾಕಿ, ಇನ್ನೊಂದು ಚಪ್ಪಾಳೆಗೆ ಮುಖ ನೋಡುತ್ತಿದ್ದಳು. ಈ ಕಳ್ಳಾಟ ಗೊತ್ತಿದ್ದೂ ಮಿಸ್ ಪ್ರತಿಸಲ ತಟ್ಟುತ್ತಿದ್ದರು. ಒಂದು ಮಗು ಕೈ ಕಚ್ಚಿ ಗಾಯ ಮಾಡಿದ್ದ ದಿನವೂ ಬ್ಯಾಂಡೇಜಿನ ಕೈಯಲ್ಲೇ ತಟ್ಟಿದ್ದರು.

ನಂದಿನಿ ಕೆಳಗಿನ ಗುಂಡಿಯಿಂದ ಕುತ್ತಿಗೆಯ ಗುಂಡಿಗೆ ಹತ್ತುವುದಕ್ಕೆ ವರ್ಷಗಳೇ ಹಿಡಿದವು. ನನ್ನ ಎದೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಬಸ್ ಸ್ಟಾಪಿನಲ್ಲಿ ಒಂದು ಸಂಜೆ ಅದನ್ನು ಆಡಿಯೇಬಿಟ್ಟೆ: ನಾನು ಹೋದಮೇಲೆ ಇವಳನ್ನು ಯಾರು ನೋಡಿಕೊಳ್ಳುತ್ತಾರೆ ಮಿಸ್? ದೇವರಿದ್ದಾನೆ ಎನ್ನಬಹುದು ಅಂದುಕೊಂಡಿದ್ದೆ. ದಿನಾ ಚರ್ಚಿಗೆ ಹೋಗುವ ಹೆಂಗಸು. ಅವರು ಹಾಗೆನ್ನಲಿಲ್ಲ. "ಗೊತ್ತಿಲ್ಲಮ್ಮ. ನೀವೂ ಹೋಗ್ತೀರಿ, ನಾನೂ ಹೋಗ್ತೀನಿ. ಅದಕ್ಕೇ ಇವತ್ತು ಗುಂಡಿ" ಅಂದರು. ಸುಳ್ಳು ಸಮಾಧಾನಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ದಿನ ಹಿಡಿದು ನಿಲ್ಲಿಸಿತು.

ಮದುವೆಯಾಗದ ಮಿಸ್, ಕೆಲಸ ಬಿಟ್ಟಮೇಲೆ ಕೆ.ಆರ್. ಪುರದ ತಂಗಿಯ ಮನೆ ಸೇರಿಕೊಂಡರು. ಅಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಮಕ್ಕಳನ್ನು ಕರೆತರಬೇಡಿ, ನೋಡಿದರೆ ಅಕ್ಕ ಅಳುತ್ತಾಳೆ ಎಂದು ತಂಗಿ ಹೇಳಿ ಕಳಿಸಿದ್ದರು. ನಂದಿನಿಗೆ ಆಗ ಇಪ್ಪತ್ತು ದಾಟಿತ್ತು. ಕರೆದುಕೊಂಡು ಹೋಗಲೋ ಬೇಡವೋ ಎಂದು ದಿನಗಟ್ಟಲೆ ಒದ್ದಾಡಿದೆ. ಇವಳಿಗೇನು ಗೊತ್ತಾಗುತ್ತದೆ ಎಂಬ ಅತ್ತೆಯ ಮಾತು ನನ್ನೊಳಗೂ ಎಲ್ಲೋ ಕೂತಿತ್ತು. ಕೊನೆಗೆ ಒಂದು ಡಿಸೆಂಬರಿನ ಭಾನುವಾರ ಹಳೇ ಮದರಾಸು ರಸ್ತೆಯ ಬಸ್ಸು ಹತ್ತಿದೆವು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಮಿಸ್ ಇದ್ದರು. ಅದೇ ಕಂದು ಸ್ವೆಟರು, ಮೈಮೇಲೆ ಸುಮ್ಮನೆ ತೊಡಿಸಿದ್ದು, ಗುಂಡಿಗಳೆಲ್ಲ ಬಿಚ್ಚಿದ್ದವು. ನಂದಿನಿ ಬಾಗಿಲಲ್ಲೇ ನಿಂತು ಒಂದು ಕ್ಷಣ ನೋಡಿದಳು. ಆಮೇಲೆ ಹೋಗಿ ಅವರ ಮುಂದೆ ಮಂಡಿಯೂರಿ ಕೂತಳು. ಮೇಲಿನಿಂದ ಒಂದೊಂದೇ ಗುಂಡಿ ಹಾಕುತ್ತಾ ಬಂದಳು. ಕಡೆಯದಕ್ಕೆ ಬಂದಾಗ ನಿಲ್ಲಿಸಿದಳು. ಮಿಸ್ ಅವರ ಎಡಗೈ ಎತ್ತಿ ಆ ಗುಂಡಿಯ ಮೇಲಿಟ್ಟು, ಸುಮ್ಮನೆ ಕಾದಳು.

ಎಡಗೈಯ ಬೆರಳುಗಳು ತಡಕಾಡಿದವು, ಜಾರಿದವು. ತಂಗಿ, "ಅವಳ ಕೈಲಿ ಆಗಲ್ಲಮ್ಮ, ನೀನೇ ಹಾಕ್ಬಿಡು" ಅಂದರು. ನನಗೂ ನೋಡಲಾಗಲಿಲ್ಲ. ಕೈ ಚಾಚಿದೆ. ನಂದಿನಿ ನನ್ನ ಕೈಗೆ ಮೆಲ್ಲಗೆ ಒಂದೇಟು ಕೊಟ್ಟಳು.

"ಅದು ಮಿಸ್‌ದು."

ಆಮೇಲೆ ತಾನೇ ಗುಂಡಿಯನ್ನು ಕಾಜಾದಲ್ಲಿ ಅರ್ಧ ತೂರಿಸಿ ಕೈ ಬಿಟ್ಟಳು. ಮಿಸ್ ಎಳೆದರು. ಗುಂಡಿ ಕೂತಿತು. ನಂದಿನಿ ಚಪ್ಪಾಳೆ ತಟ್ಟಿದಳು. ಮಿಸ್ ಅವರ ಅರ್ಧ ಮುಖ ಮಾತ್ರ ನಗುತ್ತಿತ್ತು, ಕಣ್ಣು ಎರಡೂ ಅಳುತ್ತಿದ್ದವು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತೆ.

ಮುಂದಿನ ತಿಂಗಳೇ ಮಿಸ್ ಹೋಗಿಬಿಟ್ಟರು. ಪೆಟ್ಟಿಗೆಯಲ್ಲಿ ಬಿಳಿ ಸೀರೆ ಉಡಿಸಿ ಮಲಗಿಸಿದ್ದರು. ನಂದಿನಿ ಬಹಳ ಹೊತ್ತು ಸ್ವೆಟರು ಹುಡುಕಿದಳು.

ಈಗಲೂ ಚಳಿಗಾಲ ಬಂದರೆ ಅವಳು ತನ್ನ ಸ್ವೆಟರನ್ನು ತಾನೇ ಹಾಕಿಕೊಂಡು, ಕಡೇ ಗುಂಡಿಯೊಂದನ್ನು ಬಿಟ್ಟು, ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾಳೆ. ಹಾಕಲು ಬಾರದೆ ಅಲ್ಲ, ಅವಳು ಮೊಟ್ಟಮೊದಲು ಕಲಿತದ್ದೇ ಅದು. ಯಾಕೆ ಬಿಟ್ಟೆ ಎಂದು ಕೇಳಿದರೆ, ಮಿಸ್‌ದು ಅನ್ನುತ್ತಾಳೆ. ಮಿಸ್ ಇಲ್ಲವಲ್ಲ ಮಗಳೇ ಎಂದರೆ, ಹೂಂ, ಇಲ್ಲ, ಅನ್ನುತ್ತಾಳೆ. ಗುಂಡಿ ಹಾಗೇ ಇರುತ್ತದೆ. ನಾನು ಕೈ ಹಾಕಲು ಹೋಗುವುದಿಲ್ಲ.