ಕುರ್ಚಿಯಿಲ್ಲದ ಸಭೆ

ನನ್ನ ತಂಗಿ ಕೈ ಬೀಸಿದರೆ ವಿಮಾನ ಹಾರುತ್ತದೆ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿರದೆ, ಕಂಡಕಂಡವರ ಮುಂದೆ ಹೇಳಿಕೊಂಡೂ ತಿರುಗಿದ್ದೆ. ವಿಮಾನ ನಿಲ್ದಾಣದ ಮ್ಯಾನೇಜರ್ ಎಂದರೆ ಮತ್ತೇನು? ಒಮ್ಮೆ ಅವಳ ಕಚೇರಿಗೆ ಹೋದಾಗ ತಿಳಿಯಿತು, ಅಲ್ಲಿ ಅವಳ ಕೈಕೆಳಗೆ ಯಾರೂ ಇಲ್ಲ. ಇಂಧನ ತುಂಬುವವರು ಒಂದು ಕಂಪನಿ, ಸಾಮಾನು ಸಾಗಿಸುವವರು ಇನ್ನೊಂದು, ಬಸ್ಸಿನವರು ಮತ್ತೊಂದು. ಅವಳ ಮಾತು ಕೇಳಲೇಬೇಕೆಂಬ ದರ್ದು ಯಾರಿಗೂ ಇಲ್ಲ. ಥೇಟ್ ನಮ್ಮ ಮನೆಯ ಹಾಗೆ.

ಅಂದು ಬೆಳಿಗ್ಗೆ ಮಂಜು ಮುಸುಕಿ ಒಂದು ವಿಮಾನವೂ ಹೊರಟಿರಲಿಲ್ಲ. ಮಧ್ಯಾಹ್ನ ದುರಸ್ತಿಗೆಂದು ರನ್‌ವೇ ಮುಚ್ಚುವುದಿತ್ತು. ಅಷ್ಟರೊಳಗೆ ಏಳದ ವಿಮಾನ ಸಂಜೆಯವರೆಗೆ ಅಲ್ಲೇ. ತಂಗಿ ಆ ಹುದ್ದೆಗೆ ಇನ್ನೂ ಹೊಸಬಳು. ಇವಳ ಕೈಲಿ ಆಗದಿದ್ದರೆ ಬೇರೆಯವರನ್ನು ಕೂರಿಸೋಣ ಎಂದು ಮೇಲಿನವರು ಕಾದು ನೋಡುತ್ತಿದ್ದರು.

ಅವಳು ಎಲ್ಲ ಕಂಪನಿಗಳ ಮುಖ್ಯಸ್ಥರನ್ನೂ ಕರೆದಳು. ಕೋಣೆಯಲ್ಲಿ ಕುರ್ಚಿಗಳಿಲ್ಲ. ಕೂತರೆ ಜನಕ್ಕೆ ಭಾಷಣ ಬರುತ್ತದೆ ಎಂದು ಅವಳೇ ತೆಗೆಸಿದ್ದಳು. ಅಲ್ಲಿ ಒಂದೇ ಕಟ್ಟಳೆ: ತನ್ನ ಕಡೆಯ ಅಡಚಣೆ ಮಾತ್ರ ಹೇಳಬೇಕು, ಪಕ್ಕದವರದ್ದನ್ನು ಎತ್ತುವಂತಿಲ್ಲ. ಹೇಳಿದವರಿಗೆ ಬೈಗುಳ ಇಲ್ಲ, ನೆರವು.

ಕೊನೆಗೆ ಸಾಮಾನಿನ ಮೇಸ್ತ್ರಿ ಕೆಮ್ಮಿದರು.

"ನಮ್ಮ ಪೆಟ್ಟಿಗೆ ಸಾಗಿಸೋ ಬೆಲ್ಟು ಕೆಟ್ಟಿದೆ ಮೇಡಂ. ಈಗ ಸರಿಹೋಗುತ್ತೆ ಅಂತ ಬೆಳಿಗ್ಗೆಯಿಂದ ಸುಳ್ಳು ಹೇಳ್ತಿದ್ದೀನಿ."

"ಹೇಳಿದ್ದು ಒಳ್ಳೇದಾಯ್ತು. ಎಷ್ಟು ಜನ ಬೇಕು?"

"ಕೈ ಇರೋರೆಲ್ಲ ಬೇಕು."

ಬಸ್ಸಿನವರ ಯಜಮಾನ ನಕ್ಕ. "ನನ್ನ ಡ್ರೈವರುಗಳು ಮಂಜು ನೋಡ್ತಾ ಕೂತಿದ್ದಾರೆ, ಕರ್ಕೊಳ್ಳಯ್ಯ. ಸೊಂಟ ಹಿಡ್ಕೊಂಡ್ರೆ ನೀನೇ ತಿಕ್ಕಬೇಕು, ಅಷ್ಟೆ."

ಅಷ್ಟರಲ್ಲಿ ನನಗೆ ನಮ್ಮಕ್ಕನ ಗಂಡನ ಫೋನು. ಸಮಾರಂಭಗಳ ಅಧ್ಯಕ್ಷತೆ ವಹಿಸುವುದೇ ಭಾವನವರ ಕಸುಬು. ಅಂದೂ ಅದಕ್ಕೇ ಹೊರಟು, ವಿಮಾನದೊಳಗೆ ಕೂತಿದ್ದರು.

"ಅವಳಿಗೆ ಹೇಳಯ್ಯ, ಇದರಲ್ಲಿ ನಾನಿದ್ದೀನಿ ಅಂತ."

ಹೇಳಿದೆ. "ಇರ್ಲಿ" ಎಂದವಳೇ ವೈರ್‌ಲೆಸ್ಸಿನ ಕಡೆ ತಿರುಗಿದಳು.

ಮಂಜು ಸರಿಯಿತು. ಕಿಟಕಿಯಾಚೆ, ಇಂಧನದವರೂ ಸೇರಿ, ಮೂರು ಬಣ್ಣದ ಸಮವಸ್ತ್ರಗಳು ಒಂದೇ ಸಾಲಿನಲ್ಲಿ ನಿಂತು ಪೆಟ್ಟಿಗೆ ದಾಟಿಸುತ್ತಿದ್ದವು. ತಂಗಿಯ ದನಿ ಏರಲೇ ಇಲ್ಲ. "ನಿಮ್ಮದು ಮುಗೀತಾ? ಹಾಗಾದ್ರೆ ಅವರಿಗೆ ದಾರಿ ಬಿಡಿ" ಎನ್ನುವುದು, ಮುಂದಿನವರನ್ನು ಕರೆಯುವುದು, ಇಷ್ಟೇ. ದುರಸ್ತಿಯ ಲಾರಿಗಳು ರನ್‌ವೇ ಅಂಚಿಗೆ ಬರುವಷ್ಟರಲ್ಲಿ ಕೊನೆಯ ವಿಮಾನವೂ ನೆಲ ಬಿಟ್ಟಿತ್ತು. ಮೇಸ್ತ್ರಿ ಯಾರಿಗೋ ಫೋನಿನಲ್ಲಿ, "ಎಲ್ಲಾ ಕಳಿಸಿಬಿಟ್ವಿ ಕಣಯ್ಯ, ನಾವು" ಅನ್ನುತ್ತಿದ್ದರು. ಯಾರಿಗೂ ಯಜಮಾನಿಯಲ್ಲದ ನನ್ನ ತಂಗಿ ಅವರೆಲ್ಲರನ್ನೂ 'ನಾವು' ಮಾಡಿದ್ದಳು. ನನ್ನ ಎದೆ ಉಬ್ಬಿತು. ಏನೂ ಕೆಲಸ ಮಾಡದೆ ನಿಂತವನ ಎದೆ ಉಬ್ಬಲು ಜಾಗವೂ ಜಾಸ್ತಿ.

ಮುಂದಿನ ವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ತಮ್ಮ ವಿಮಾನವೇ ಎಲ್ಲಕ್ಕಿಂತ ಮೊದಲು ಹೊರಟದ್ದನ್ನು ಭಾವ ಎಲ್ಲರಿಗೂ ಬಣ್ಣಿಸಿ, ತಂಗಿಯ ಕಡೆ ವಾಲಿದರು.

"ನಿಜ ಹೇಳಮ್ಮ, ಒಳಗೆ ನಾನಿದ್ದೀನಿ ಅಂತ ತಾನೆ ಮೊದಲು ಬಿಟ್ಟಿದ್ದು?"

"ಇಲ್ಲ ಭಾವ. ಅದು ಉಳಿದವಕ್ಕೆ ಅಡ್ಡ ನಿಂತಿತ್ತು."