ನಾನಿಲ್ಲದ ಹನ್ನೆರಡು ದಿನ

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಓದಿದ್ದು ಸಂಖ್ಯಾಶಾಸ್ತ್ರ, ಈಗ ಕಲಿಸುತ್ತಿರುವುದೂ ಅದನ್ನೇ. ಕಣ್ತಪ್ಪು, ಮರೆವು, ಕಾಕತಾಳೀಯ, ಈ ಮೂರರಲ್ಲಿ ಒಂದು ಎಲ್ಲದಕ್ಕೂ ಸಾಲುತ್ತದೆ ಎಂದುಕೊಂಡಿದ್ದೆ. ಬೇರೆಯವರ ಅನುಭವಗಳನ್ನು ಈಗಲೂ ಅಷ್ಟಾಗಿ ನಂಬುವುದಿಲ್ಲ. ಹಾಗಾಗಿ ನನ್ನದನ್ನು ನೀವು ನಂಬಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಗದಗದ ಹತ್ತಿರದ ಹಳ್ಳಿಯಿಂದ ಬಿ.ಎಸ್ಸಿ. ಓದಲು ಮಣಿಪಾಲಕ್ಕೆ ಬಂದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಹುಡುಗಿಯರು ತಮ್ಮೊಳಗೆ ಮಾತಾಡುವುದು ತುಳುವಿನಲ್ಲಿ, ಇಲ್ಲವೇ ಕೊಂಕಣಿಯಲ್ಲಿ. ನಾನು ‘ಹೌದ್ರಿ’ ಅಂದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಕೆಟ್ಟ ಮನಸ್ಸಿನ ನಗುವೇನಲ್ಲ. ಆದರೂ ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ. ಎರಡು ತಿಂಗಳಾದರೂ ತರಗತಿಯಲ್ಲಿ ಒಬ್ಬ ಗೆಳತಿಯೂ ಆಗಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಹಾಸ್ಟೆಲಿನಿಂದ ಹೊರಟವಳು ಕಾಲೇಜಿನ ಗೇಟು ದಾಟಿ ಮುಂದೆ ನಡೆದೆ. ಉಡುಪಿಯ ಬಸ್ಸು ಹತ್ತಿದೆ, ಅಲ್ಲಿಂದ ಕಾಪುವಿನ ಬಸ್ಸು. ಸಂಜೆಯವರೆಗೆ ಕಡಲ ದಂಡೆಯಲ್ಲಿ ಕುಳಿತು ವಾಪಸ್ಸಾದೆ. ಮರುದಿನವೂ ಹಾಗೆಯೇ ಮಾಡಿದೆ. ಭಾನುವಾರ ಬಿಟ್ಟು ಎರಡು ವಾರ, ಒಟ್ಟು ಹನ್ನೆರಡು ದಿನ.

ಅಲ್ಲಿ ದಂಡೆಯ ಸಮೀಪ ಒಂದು ಮನೆ ಕಟ್ಟುತ್ತಿದ್ದರು. ಜಲ್ಲಿ ಹೊರುವ ಕೆಲಸಕ್ಕೆ ಬಾದಾಮಿ ಕಡೆಯಿಂದ ಬಂದಿದ್ದ ಶಾಂತವ್ವ ಎಂಬಾಕೆ ನನ್ನ ಮಾತು ಕೇಳಿಯೇ ಯಾವ ಕಡೆಯವಳೆಂದು ಗುರುತು ಹಿಡಿದಳು. ಮಧ್ಯಾಹ್ನ ಅವರ ಶೆಡ್ಡಿನ ನೆರಳಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದಳು. ನಾನೇಕೆ ಬರುತ್ತೇನೆಂದು ಒಮ್ಮೆಯೂ ಕೇಳಲಿಲ್ಲ. ಆ ದಿನಗಳಲ್ಲಿ ತೆಗೆದ ಸಮುದ್ರದ ಚಿತ್ರಗಳು, ತಾರೀಕು ಗಂಟೆ ಸಮೇತ, ಈಗಲೂ ನನ್ನಲ್ಲಿವೆ.

ಮೂರನೆಯ ಸೋಮವಾರ ಕಾಲೇಜು ಬಿಡುವ ಪತ್ರ ಬರೆದುಕೊಂಡು ನಮ್ಮ ತರಗತಿಯ ಉಸ್ತುವಾರಿ ಮೇಡಂ ಹತ್ತಿರ ಹೋದೆ. ಎರಡು ವಾರ ಬರಲಿಲ್ಲ, ಕ್ಷಮಿಸಿ, ನನಗೆ ಇಲ್ಲಿ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಪತ್ರ ಓದಿ ನನ್ನ ಮುಖ ನೋಡಿದರು.

“ಎಂತ ಹೇಳ್ತಿದ್ದೀ ನೀನು? ಶನಿವಾರ ಬೋರ್ಡಿನಲ್ಲಿ ಲೆಕ್ಕ ಮಾಡಿದ್ದು ನೀನೇ ಅಲ್ವಾ?”

ಹಾಜರಿಯ ಹಾಳೆಗಳನ್ನು ತೆಗೆದು ತೋರಿಸಿದರು. ಹನ್ನೆರಡೂ ದಿನ ನನ್ನ ಹೆಸರಿನ ಮುಂದೆ ಸಹಿ ಇತ್ತು. ಬೇರೆಯವರು ಹಾಕಿದ್ದೆಂದು ಹೇಳೋಣವೆಂದರೆ ಅದು ನನ್ನದೇ ಸಹಿ, ಕೊನೆಯ ಅಕ್ಷರದ ಕೆಳಗೆ ಎಳೆಯುವ ಗೆರೆ ಕೂಡ ನನ್ನದೇ. ಹುಷಾರಿಲ್ಲದಿದ್ದರೆ ಡಾಕ್ಟರರಿಗೆ ತೋರಿಸು ಎಂದು ಅವರು ಪತ್ರವನ್ನು ವಾಪಸು ಕೊಟ್ಟರು.

ಹೊರಗೆ ಬಂದಾಗ ಒಬ್ಬ ಹುಡುಗಿ ನನಗಾಗಿ ಕಾಯುತ್ತಿದ್ದಳು. ಕಾರ್ಕಳದ ಜಾನೆಟ್. ಹಾಜರಿಯ ಹಾಳೆಯಲ್ಲಿ ಕಂಡ ಹೆಸರು, ಅಷ್ಟೇ ಪರಿಚಯ. ಅವಳು ಸಲೀಸಾಗಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು.

“ನೀನು ಅಜ್ಜಿಯ ವಿಷಯ ಹೇಳಿದೆಯಲ್ಲ, ನಾನು ಯಾರ ಹತ್ತಿರವೂ ಹೇಳಲಿಲ್ಲ ಮಾರಾಯ್ತಿ. ನೀನು ಎಚ್ಚರ ಇದ್ದದ್ದು ಅವರಿಗೆ ಗೊತ್ತಿರಲಿಕ್ಕಿಲ್ಲ.”

ಇದನ್ನು ನಾನು ನಿಮಗೆ ವಿವರಿಸಬೇಕು. ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಒಂದು ರಾತ್ರಿ ನನ್ನ ಪಕ್ಕ ಮಲಗಿದ್ದ ಅಜ್ಜಿ ನೀರು ಕೇಳಿದಳು. ಓದಿ ಸಾಕಾಗಿತ್ತು. ನಿದ್ದೆ ಬಂದವಳಂತೆ ಸುಮ್ಮನೆ ಬಿದ್ದುಕೊಂಡೆ. ಬೆಳಗಾಗುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಈ ಮಾತನ್ನು ಅವ್ವನಿಗೂ ಹೇಳಿರಲಿಲ್ಲ, ಡೈರಿಯಲ್ಲೂ ಬರೆದಿರಲಿಲ್ಲ. ತಿಳಿದಿದ್ದವಳು ನಾನೊಬ್ಬಳೇ.

ಜಾನೆಟ್ ತನ್ನ ನೋಟ್‌ಬುಕ್ ತೆರೆದು ನಾನು ಬಿಡಿಸಿಕೊಟ್ಟ ಲೆಕ್ಕಗಳನ್ನು ತೋರಿಸಿದಳು. ನನ್ನದೇ ಅಕ್ಷರ. ಆ ಅಧ್ಯಾಯವನ್ನು ನಾನು ತೆರೆದೂ ನೋಡಿರಲಿಲ್ಲ. ಆದರೂ ಅಂದು ಅವಳ ಪಕ್ಕ ಹೋಗಿ ಕುಳಿತೆ. ಏಕೆಂದರೆ ಅವಳು ನನಗೆಂದು ಜಾಗ ಹಿಡಿದಿದ್ದಳು.

ನನಗೆ ಉಳಿದ ಸಮಾಧಾನ ಒಂದೇ: ಬಹುಶಃ ನಾನು ಕಾಲೇಜಿನಲ್ಲೇ ಇದ್ದೆ, ತಲೆ ಕೆಟ್ಟು ಕಾಪುವನ್ನು ಕಲ್ಪಿಸಿಕೊಂಡೆ. ಆದರೆ ಫೋನಿನಲ್ಲಿದ್ದ ಚಿತ್ರಗಳನ್ನು ಏನು ಮಾಡುವುದು? ಮುಂದಿನ ಭಾನುವಾರ ಕಾರಣ ಹೇಳದೆ ಜಾನೆಟ್‌ಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಶಾಂತವ್ವ ಶೆಡ್ಡಿನ ಮುಂದೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದಳು.

“ಎರಡು ವಾರ ದಿನಾ ಬರ್ತಿದ್ದಿ. ಒಮ್ಮೆಲೆ ಬಿಟ್ಟಿಯಲ್ಲವ್ವ, ಆರಾಮಿಲ್ಲೇನು?”

ಜಾನೆಟ್ ಅವಳನ್ನು ಎರಡೆರಡು ಸಲ ಕೇಳಿದಳು, ಯಾವಾಗ, ಎಷ್ಟು ಹೊತ್ತಿಗೆ ಎಂದು. ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ನಾಲ್ಕಕ್ಕೆ ಹೋಗುತ್ತಿದ್ದಳು ಎಂದಳು ಶಾಂತವ್ವ. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಜಾನೆಟ್‌ಗೆ ಎಲ್ಲವನ್ನೂ ಹೇಳಿದೆ. ಉಡುಪಿ ಬಂದಾಗ ಅವಳು, ನಾಳೆ ಕ್ಲಾಸಿಗೆ ಬರ್ತೀಯಲ್ಲ ಎಂದು ಕೇಳಿದಳು. ಬರುತ್ತೇನೆ ಎಂದೆ. ಹೋದೆ ಕೂಡ. ಮತ್ತೆಂದೂ ತಪ್ಪಿಸಲಿಲ್ಲ.

ವರ್ಷಗಳಾದವು. ಜಾನೆಟ್ ಇಂದಿಗೂ ನನ್ನ ಅತ್ಯಂತ ಹತ್ತಿರದ ಗೆಳತಿ. ಆದರೆ ಆ ಗೆಳೆತನದ ಮೊದಲ ಹನ್ನೆರಡು ದಿನ ನನ್ನವಲ್ಲ. ಅವಳ ಮದುವೆಗೆ ಕಾರ್ಕಳಕ್ಕೆ ಹೋದಾಗ, ಬಳೆ ತೊಡಿಸುವ ಶಾಸ್ತ್ರ ಮುಗಿದು ಇಬ್ಬರೇ ಇದ್ದ ಹೊತ್ತಿನಲ್ಲಿ, ಅಷ್ಟು ವರ್ಷ ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟೆ. ಆ ಹನ್ನೆರಡು ದಿನದ ಹುಡುಗಿ ಹೇಗಿದ್ದಳು?

ಜಾನೆಟ್ ಕೈಯ ಹೊಸ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು.

“ನಿನ್ನ ಹಾಗೆಯೇ. ಅಜ್ಜಿಯ ವಿಷಯ ಹೇಳಿ ತುಂಬಾ ಅತ್ತಳು. ಆಮೇಲೆ ಅವಳಿಗೆ ಹಗುರ ಆಯಿತು.”

ನನಗೆ ಆಗಿಲ್ಲ.