ಭಾವನ ಹವ್ಯಾಸ, ಮೇಸ್ತ್ರಿಯ ಕೈ

ನಮ್ಮ ಭಾವ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ನಿವೃತ್ತರಾದ ಮೇಲೆ ಗದರಿಸಲು ಜನ ಸಿಗದೆ ಬಿಪಿ ಏರಿತು. "ಏನಾದ್ರೂ ಹವ್ಯಾಸ ಇಟ್ಕೊಳ್ಳಿ, ತಲೆ ಹಗುರಾಗುತ್ತೆ" ಎಂದರು ಡಾಕ್ಟರು. ಭಾವ ಅರವತ್ತು ವರ್ಷದ ಕಾರೊಂದನ್ನು ಎಳೆಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದರು.

"ಮನೇಲಿ ಕೆಟ್ಟು ಕೂತಿರೋದು ಒಂದು ಸಾಲದು ಅಂತ ಇನ್ನೊಂದು ತಂದ್ರಾ?" ಎಂದಳು ಅಕ್ಕ.

ಬಿಚ್ಚುವುದನ್ನು ಭಾವ ಎರಡೇ ದಿನದಲ್ಲಿ ಮುಗಿಸಿದರು. ಜೋಡಿಸಲು ಗ್ಯಾರೇಜಿನ ಮೇಸ್ತ್ರಿ ಬರಬೇಕಾಯಿತು. ವಯಸ್ಸು ಎಪ್ಪತ್ತರ ಹತ್ತಿರ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಒಳಗೆ ಯಾವ ವಾಲ್ವು ಗೊಣಗುತ್ತಿದೆ ಎಂದು ಹೇಳಬಲ್ಲವರು. ಕಸುಬು ಕಲಿತದ್ದು ಇದೇ ಮಾದರಿಯ ಕಾರಿನ ಮೇಲೆ. ಕಣ್ಣು ಪೂರ್ತಿ ಮಂಜಾಗುವ ಮೊದಲು ಇನ್ನೊಂದನ್ನು ಓಡಿಸಿಬಿಡಬೇಕೆಂಬ ಆಸೆ. ಒಪ್ಪುವಾಗ ಒಂದೇ ಮಾತು ಕೇಳಿದರು:

"ಹಳೇ ಕಾರುಗಳ ಪ್ರದರ್ಶನದಲ್ಲಿ ಗಾಡಿ ಮುಂದೆ ಕಾರ್ಡ್ ಇಡ್ತಾರಲ್ಲ ಸಾಹೇಬ್ರೆ, ಅದರಲ್ಲಿ ನನ್ನ ಹೆಸರೂ ಇರ್ಲಿ. ನಲವತ್ತೈದು ವರ್ಷ ಗಾಡಿ ಅಡಿಗೇ ಮಲಗಿದ್ದೀನಿ. ಒಂದ್ಸಲ ಮುಂದೆ ನಿಲ್ತೀನಿ."

"ಅಯ್ಯೋ, ಅದೇನು ಮಹಾ!" ಎಂದರು ಭಾವ.

ಎರಡು ವರ್ಷ ಭಾವ ಕುರ್ಚಿಯಲ್ಲಿ ಕೂತು ಹವ್ಯಾಸ ನಡೆಸಿದರು. "ಆ ನಟ್ಟು ಯಾಕೆ ಇನ್ನೂ ಪೆಂಡಿಂಗು?" ಎಂದು ಗದರುವರು. ಅವರ ಕೈ ತಾಗಿದ್ದು ಮಡಗಾರ್ಡಿನ ಪಾಲಿಷಿಗೆ ಮಾತ್ರ. ಬಿಪಿ ಇಳಿಯಿತು. ಇಳಿದದ್ದು ಎಲ್ಲಾದರೂ ಹೋಗಬೇಕಲ್ಲ? ಮೇಸ್ತ್ರಿಯೂ ಮಾತ್ರೆ ನುಂಗತೊಡಗಿದರು.

ಪ್ರದರ್ಶನದ ಹಿಂದಿನ ದಿನ ಕಾರ್ಡ್ ಬರೆಯುವ ಕೆಲಸ ನನಗೆ ಬಂತು. ನನ್ನ ಅಕ್ಷರ ದುಂಡಗಿದೆ ಎಂಬ ಜಂಬ ನನಗೂ ಉಂಟು. ಭಾವ ಹೇಳಿದಂತೆ ಬರೆದೆ: 'ಮಾಲೀಕರೇ ಸ್ವತಃ ಕೈಯಾರೆ ದುರಸ್ತಿ ಮಾಡಿದ್ದು.'

"ಮೇಸ್ತ್ರಿ ಹೆಸರು, ಭಾವ?"

"ಜಾಗ ಎಲ್ಲಿದೆಯೋ? ಅಲ್ಲದೆ ಹವ್ಯಾಸ ನಂದೋ, ಅವಂದೋ?"

ಕೆಳಗೆ ಮೂರು ಬೆರಳಗಲ ಜಾಗವಿತ್ತು. ಖಾಲಿ ಕಾಣಬಾರದೆಂದು ನಾನು ಅಲ್ಲಿ ಹೂಬಳ್ಳಿ ಬಿಡಿಸಿದೆ.

ಮರುದಿನ ಮೇಸ್ತ್ರಿ ಇಸ್ತ್ರಿ ಅಂಗಿ ತೊಟ್ಟು ಹೆಂಡತಿಯನ್ನೂ ಕರೆತಂದಿದ್ದರು. "ಓದೇ, ನನ್ ಕಣ್ಣಿಗೆ ಅಕ್ಷರ ಹತ್ತಲ್ಲ" ಎಂದರು. ಆಕೆ ಓದಿ ನಿಲ್ಲಿಸಿದರು.

"ಮುಂದೆ?"

"ಮುಂದೆ ಹೂವು ಬರ್ದಿದ್ದಾರೆ."

ಮೇಸ್ತ್ರಿ ಕಾರ್ಡಿನ ಹತ್ತಿರ ಬಾಗಿ, ಬೆರಳಿನಿಂದ ಬಳ್ಳಿಯನ್ನು ಸವರಿ ನೋಡಿದರು. ಅಷ್ಟರಲ್ಲಿ ತೀರ್ಪುಗಾರರು ಬಂದರು. ಭಾವ ಮೂರು ಸಲ ಕೀಲಿ ತಿರುಗಿಸಿದರು. ಎಂಜಿನ್ನು ಕೆಮ್ಮಿ ಸುಮ್ಮನಾಯಿತು.

"ಲೋ ಮೇಸ್ತ್ರಿ, ಬಾರೋ ಇಲ್ಲಿ!"

"ಹೋಗ್ಬೇಡಿ" ಎಂದು ಹೆಂಡತಿ ತೋಳು ಹಿಡಿದರು.

"ಗಾಡಿ ಏನು ತಪ್ಪು ಮಾಡ್ತು?" ಎಂದು ಮೇಸ್ತ್ರಿ ತೋಳು ಬಿಡಿಸಿಕೊಂಡು ಹೋದರು. ಬಾನೆಟ್ ಎತ್ತಿ ಏನೋ ಒತ್ತಿದರು. ಎಂಜಿನ್ನು ಒಂದೇ ಏಟಿಗೆ ಶುರುವಾಯಿತು.

ಜನ ಚಪ್ಪಾಳೆ ತಟ್ಟಿದರು. ಸೀಟಿನಲ್ಲಿ ಕೂತಿದ್ದ ಭಾವ ಎಲ್ಲರಿಗೂ ಕೈ ಮುಗಿದರು. ಮೇಸ್ತ್ರಿಯ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ನಾನೂ ತಟ್ಟಿದೆ.